ಮೂರನೇ ಹೆಸರು, ಹತ್ತನೇ ಡಿಸ್ಕು

2012ರ ಏಪ್ರಿಲ್ ಕೊನೆಯ ವಾರ ರಾಯಚೂರಿನಲ್ಲಿ ಬಿಸಿಲು ನಲವತ್ತಮೂರು ದಾಟಿತ್ತು. ಸಿಯಾತಲಾಬಿನ ಆ ಓಣಿಯಲ್ಲಿ ಎಲ್ಲರ ಮನೆಯ ಕೂಲರುಗಳೂ ಬೆಳಗಿನ ಹತ್ತಕ್ಕೇ ಗುರುಗುಟ್ಟಲು ಶುರು ಮಾಡುತ್ತಿದ್ದವು. ಹಸೀನಾ ಬೇಗಂ ಮನೆಯ ಕೂಲರ್ ಮಾತ್ರ ಸುಮ್ಮನೆ ನಿಂತಿತ್ತು. ಕಿಟಕಿಗಳು ಮುಚ್ಚಿದ್ದವು. ಫ್ರಿಜ್ಜಿನ ಪಿನ್ನು ಕಿತ್ತಿತ್ತು. ನಡುಮನೆಯ ಕಂಪ್ಯೂಟರಿನ ಮುಂದೆ ಅವಳ ಗಂಡ ಮುಕರ್ರಂ ಬರೀ ಬನಿಯನ್ನಿನಲ್ಲಿ ಕೂತು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದ.

“ಎಷ್ಟಾತು?” ಹಸೀನಾ ಅಡಿಗೆಮನೆಯಿಂದ ಕೇಳಿದಳು.

“ನಲವತ್ತೊಂದು ಪರ್ಸೆಂಟ್.”

“ಆಗಳೂ ನಲವತ್ತೊಂದೇ ಅಂದಿದ್ರಿ.”

“ಆಗ ನಲವತ್ತಿತ್ತು.”

ಮನೆಯಲ್ಲಿ ಅವರು ಆಡುತ್ತಿದ್ದದ್ದು ದಖನಿ ಉರ್ದು. ಆದರೆ ಸಿಟ್ಟು ಬಂದರೆ ಹಸೀನಾ ತನ್ನ ತವರಾದ ದೇವದುರ್ಗದ ಕನ್ನಡಕ್ಕೆ ಇಳಿಯುತ್ತಿದ್ದಳು, ಗಂಡನೂ ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದ. ಹೀಗಾಗಿ ಆ ಬೇಸಿಗೆ ಆ ಮನೆಯಲ್ಲಿ ಕನ್ನಡವೇ ಹೆಚ್ಚು ಕೇಳಿಸಿತು.

ಮುಕರ್ರಂ ಹತ್ತಿ ಗಿರಣಿಯಲ್ಲಿ ಗುಮಾಸ್ತ. ಕಟ್ಟಿದ ಬೇಲುಗಳ ಮೇಲೆ ನಂಬರು, ತೂಕ, ತಾರೀಖು ಬರೆಸುವುದು ಅವನ ಕೆಲಸ. ಹೆಸರಿಲ್ಲದ ವಸ್ತು ಕಂಡರೆ ಅವನಿಗೆ ಸಮಾಧಾನ ಇರುತ್ತಿರಲಿಲ್ಲ. ಅಡಿಗೆಮನೆಯ ಪ್ರತಿ ಡಬ್ಬಿಯ ಮೇಲೂ ಉರ್ದುವಿನಲ್ಲಿ, ಕನ್ನಡದಲ್ಲಿ ಚೀಟಿ ಅಂಟಿಸಿದ್ದ. ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಅಂತ ಬರೆದಿರುವ ಮನೆ ಇಡೀ ಓಣಿಯಲ್ಲಿ ಅದೊಂದೇ. ಬೇಸಿಗೆಯಲ್ಲಿ ಗಿರಣಿ ಮುಚ್ಚುತ್ತದೆ. ಅವನಿಗೆ ಕೈಗೆ ಕೆಲಸವಿರುವುದಿಲ್ಲ. ಹಸೀನಾ ಉರ್ದು ಪ್ರಾಥಮಿಕ ಶಾಲೆಯ ಟೀಚರು, ಅವಳಿಗೂ ರಜೆ. ಇಬ್ಬರೂ ಇಡೀ ದಿನ ಮನೆಯಲ್ಲಿ.

ಆ ವರ್ಷ ಅವನು ಹಿಡಿದ ಕೆಲಸ ಹಳೆಯ ಕ್ಯಾಸೆಟ್ಟುಗಳದ್ದು. ಅಲಮಾರಿಯ ಮೇಲೆ ಹನ್ನೆರಡು ವಿಡಿಯೋ ಕ್ಯಾಸೆಟ್ಟುಗಳಿದ್ದವು: ಮದುವೆ, ಕೂಸಿನ ತಲೆಗೂದಲು ತೆಗೆಸುವ ಅಕೀಖಾ, ಹಜ್ಜಿಗೆ ಕಳಿಸಿದ್ದು, ಮಗಳು ಗುಲ್ಫಶಾಳ ಶಾಲೆಯ ಕಾರ್ಯಕ್ರಮ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರದ ಒಂದು ಸ್ಟುಡಿಯೋದಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದ. ಮೂರನೆಯ ಕ್ಯಾಸೆಟ್ಟು ಓಡಿ ಮುಗಿಯುತ್ತಿದ್ದಂತೆ ಮಷೀನಿನಲ್ಲಿ ಸಿಕ್ಕಿ ಹರಿದೇ ಹೋಯಿತು. ಇನ್ನುಳಿದದ್ದಕ್ಕೆ ಬೂಷ್ಟು ಹಿಡಿದಿತ್ತು. “ನೋಡಿದ್ಯಾ, ಇನ್ನೊಂದು ವರ್ಷ ತಡಾ ಆಗಿದ್ರ ಏನೂ ಉಳೀತಿರ್ಲಿಲ್ಲ” ಅಂದ. ಆ ಮಾತನ್ನು ಹಸೀನಾ ಒಪ್ಪಿದಳು. ಅವಳು ಒಪ್ಪದೇ ಇದ್ದದ್ದು ಮುಂದಿನದನ್ನು.

ಹೈದರಾಬಾದಿಗೆ ಹೋದಾಗ ಒಬ್ಬ ಅಂಗಡಿಯವನು ಅವನಿಗೆ ಒಂದು ಡ್ರೈವ್ ತೋರಿಸಿದ್ದ. ಅದರಲ್ಲಿ ಡಿಸ್ಕನ್ನು ನೆಟ್ಟಗೆ ಹಾಕಿದರೆ ವಿಡಿಯೋ ತುಂಬಿಕೊಳ್ಳುತ್ತದೆ. ಅದೇ ಡಿಸ್ಕನ್ನು ತಿರುವಿ, ಮುಖ ಕೆಳಗೆ ಮಾಡಿ ಹಾಕಿದರೆ, ಅದೇ ಲೇಸರ್ ಕಿರಣ ಮುಖದ ಕಂದುಬಣ್ಣದ ಲೇಪವನ್ನು ಸುಟ್ಟು ಅಕ್ಷರ ಮೂಡಿಸುತ್ತದೆ. ಚೀಟಿ ಅಂಟಿಸಿದರೆ ಬಿಸಿಗೆ ಬಿಟ್ಟುಕೊಂಡು ಪ್ಲೇಯರಿನಲ್ಲಿ ಸಿಗುತ್ತದೆ, ಪೆನ್ನಿನಿಂದ ಬರೆದರೆ ಅಳಿಸುತ್ತದೆ, ಇದು ಅಳಿಸುವುದಿಲ್ಲ ಎಂದ ಅಂಗಡಿಯವನು. ಅಳಿಸುವುದಿಲ್ಲ ಎಂಬ ಮಾತು ಮುಕರ್ರಂನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅದಕ್ಕೆ ಬೇರೆಯೇ ಡಿಸ್ಕು ಬೇಕು. ಅಂಗಡಿಯವನ ಹತ್ತಿರ ಉಳಿದದ್ದೇ ಹನ್ನೆರಡು. ಇವನ ಕ್ಯಾಸೆಟ್ಟೂ ಹನ್ನೆರಡು. ಅಲ್ಲಾಹನೇ ಲೆಕ್ಕ ಕೂಡಿಸಿದ್ದಾನೆ ಅಂದುಕೊಂಡು ಡ್ರೈವನ್ನೂ ಡಿಸ್ಕುಗಳನ್ನೂ ತಂದ.

ಒಂದೊಂದು ಹೆಸರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮೊದಲು ಅವನು ಬೊರುವಿನ ಲೇಖನಿಯಿಂದ ಕಾಗದದ ಮೇಲೆ ಉರ್ದುವಿನಲ್ಲಿ ಬರೆಯುತ್ತಿದ್ದ, ಕೆಳಗೆ ಕನ್ನಡದಲ್ಲಿ. ಕಂಪ್ಯೂಟರಿನಲ್ಲಿ ಟೈಪು ಮಾಡಿದರೆ ಕನ್ನಡದ ಒತ್ತಕ್ಷರಗಳೆಲ್ಲ ಚೌಕಗಳಾಗುತ್ತಿದ್ದವು. ಗುಲ್ಫಶಾ ಆ ಕಾಗದವನ್ನು ಅಂಗಡಿಗೆ ಒಯ್ದು ಸ್ಕ್ಯಾನ್ ಮಾಡಿಸಿ ತರುತ್ತಿದ್ದಳು. ಒಂದು ಸಲ ಅರವತ್ತು ಪರ್ಸೆಂಟಿಗೆ ಕರೆಂಟು ಹೋಗಿ, ಅದೇ ಹೆಸರನ್ನು ಅದೇ ಜಾಗದಲ್ಲಿ ಮತ್ತೆ ಮೊದಲಿನಿಂದ ಕೆತ್ತಬೇಕಾಯಿತು. ಅವತ್ತಿನಿಂದ ವೋಲ್ಟೇಜು ಇಳಿಯಬಾರದೆಂದು ಕೂಲರ್ ಬಂದ್, ಫ್ರಿಜ್ಜು ಬಂದ್. ಧೂಳು ಕೂಡಬಾರದೆಂದು ಕಿಟಕಿ ಬಂದ್.

“ಅಬ್ಬಾ, ಒಮ್ಮೆ ಹಚ್ಚಿ ನೋಡೋಣು, ಸರಿ ಬಂದದೋ ಇಲ್ಲೋ” ಎಂದಳು ಗುಲ್ಫಶಾ, ಹನ್ನೆರಡೂ ಮುಗಿದ ದಿನ.

“ಮುಟ್ಟಬ್ಯಾಡ. ಗೀರು ಬೀಳ್ತಾವ” ಎಂದ ಮುಕರ್ರಂ. ವಿಡಿಯೋಗಳು ಕಂಪ್ಯೂಟರಿನ ಹೊಟ್ಟೆ ತುಂಬಿಕೊಂಡಿದ್ದವು. ಅವನ್ನೂ ಅಳಿಸಿ ಜಾಗ ಮಾಡಿದ. ಡಿಸ್ಕಿನ ಮೇಲೆ ಇದೆಯಲ್ಲ.

ಮೇ ತಿಂಗಳ ಒಂದು ಭಾನುವಾರ ಬಂಧುಗಳನ್ನೆಲ್ಲ ಮಾವಿನಹಣ್ಣಿನ ರಸದ ಊಟಕ್ಕೆ ಕರೆದು, ಊಟವಾದ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕರೆದು ಅವರವರ ಡಿಸ್ಕು ಕೊಟ್ಟ. ಅಕ್ಷರಗಳು ನಿಜಕ್ಕೂ ಚೆಂದ ಬಂದಿದ್ದವು. ಮೂರನೇ ನಂಬರಿನದು ‘ಶಹಜಾದಿಯ ನಿಕಾಹ್, ರಾಯಚೂರು, 1993’. ಅದನ್ನು ಮಾನ್ವಿಯಿಂದ ಬಂದಿದ್ದ ತಂಗಿ ಶಹಜಾದಿ ಬೇಗಂ ಎರಡೂ ಕೈಯಿಂದ ತೆಗೆದುಕೊಂಡು, ಅಕ್ಷರದ ಮೇಲೆ ಬೆರಳಾಡಿಸಿದಳು. ಅವಳ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಹತ್ತನೆಯದು ‘ಮೌಲಾಹುಸೇನರ ಹೊಸ ಮನೆ, ದೇವದುರ್ಗ, 1999’. ಅದು ಹಸೀನಾಳ ಅಣ್ಣನಿಗೆ. ಅವನು ಅದರಲ್ಲಿ ಮುಖ ನೋಡಿಕೊಂಡು, ಮೀಸೆ ತೀಡಿ, ಜೇಬಿಗೆ ಹಾಕಿದ. “ಜೇಬಿನಾಗ ಬ್ಯಾಡ್ರಿ ಭಾಯ್” ಎಂದು ಮುಕರ್ರಂ ಅವನ ಹಿಂದೆ ಬಾಗಿಲ ತನಕ ಹೋದ.

ಹನ್ನೊಂದು ದಿನ ಕಳೆದವು. ಹಸೀನಾ ಕೂಲರಿನ ಮುಂದೆ ಕೂತು ಆ ಇಡೀ ಪ್ರಕರಣವನ್ನು ಮರೆಯುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ಫೋನು ಬಂತು.

“ಭಾಬಿ, ನಾ ಶಹಜಾದಿ. ಡಿಸ್ಕು ನೋಡಿದೆ.”

“ಹ್ಯಾಂಗ ಬಂದದವ್ವಾ?”

“ನೀವು ಬರ್ರಿ. ಬಂದು ನೋಡ್ರಿ.”

“ಯಾಕ, ಏನಾತು?”

“ಫೋನಿನಾಗ ಹೇಳಂಗಿಲ್ಲ. ಬರ್ರಿ.” ಫೋನು ಕಟ್ಟಾಯಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹಸೀನಾಳಿಗೆ ಕಸಿವಿಸಿಯಾಯಿತು.

ಆ ಸಂಜೆಯೇ ಬಾಗಲವಾಡದಿಂದ ರಿಹಾನ್ ಫೋನು ಮಾಡಿದ. ಅವನು ಮುಕರ್ರಂನ ಅಣ್ಣನ ಮಗ. “ಚಾಚಾ, ನನ್ನ ಅಕೀಖಾ ಅಂತ ಬರ್ದೀರಿ. ಹಚ್ಚಿದ್ರ ಗುಲ್ಫಶಾ ಸ್ಕೂಲಿನಾಗ ಡ್ಯಾನ್ಸ್ ಮಾಡಾಕತ್ತಾಳ.”

“ನಿಮ್ಮ ಪ್ಲೇಯರ್ ಕೆಟ್ಟದ” ಎಂದ ಮುಕರ್ರಂ.

“ಪ್ಲೇಯರ್ ಕೆಟ್ರ ಗುಲ್ಫಶಾ ಹ್ಯಾಂಗ ಬರ್ತಾಳ್ರಿ?”

ಹಸೀನಾ ಎದ್ದಳು. ಗುಲ್ಫಶಾಳ ಶಾಲೆಯದೆಂದು ಬರೆದ ಹನ್ನೊಂದನೇ ಡಿಸ್ಕು ಮನೆಯಲ್ಲೇ ಇತ್ತು. ಗೀರು ಬಿದ್ದರೂ ಬೀಳಲಿ ಎಂದು ಅದನ್ನು ಪ್ಲೇಯರಿಗೆ ಹಾಕಿದಳು. ಪರದೆಯ ಮೇಲೆ ಬಾಗಲವಾಡದ ಅಂಗಳ ಬಂತು, ಎರಡು ಹೋತ ಬಂದವು, ಬಿಳಿ ಟೊಪ್ಪಿಗೆಯೊಳಗೆ ಅಳುತ್ತಿರುವ ಕೂಸು ರಿಹಾನ್ ಬಂದ.

ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗರನ್ನು ಕೇಳುವ ದನಿಯಲ್ಲಿ ಹಸೀನಾ ಕೇಳಿದಳು: “ವಿಡಿಯೋ ತುಂಬಿದ ಮ್ಯಾಲ ಡಿಸ್ಕು ಹ್ಯಾಂಗ ಇಟ್ರಿ?”

“ಒಂದರ ಮ್ಯಾಲೊಂದು. ಅದರದೇ ಡಬ್ಬಿ ಬಂದಿತ್ತಲ್ಲ, ನಡುವ ಕಡ್ಡಿ ಇದ್ದದ್ದು, ಅದರಾಗ.”

“ಹನ್ನೆರಡೂ ತುಂಬಿ, ಆಮ್ಯಾಲ ಹೆಸರು?”

“ಹೌದು.”

“ಗುರುತು ಹಾಕ್ಕೊಂಡಿದ್ರಿ?”

“ಪೆನ್ನು ಮುಟ್ಟಿಸಿದ್ರ ಮುಖ ಕೆಡ್ತದ.”

“ಹೆಸರು ಹಾಕೋ ಮುಂದ ಯಾವ ಕಡೆಯಿಂದ ತಗೊಂಡ್ರಿ?”

“ಮ್ಯಾಲಿಂದ.”

“ಮೊದ್ಲು ಯಾವ ನಂಬರಿನ ಹೆಸರು ಹಾಕಿದ್ರಿ?”

“ಒಂದು” ಎಂದ ಮುಕರ್ರಂ. ಹೇಳಿದ ಮೇಲೆ ಅವನ ಬಾಯಿ ಹಾಗೇ ತೆರೆದೇ ಉಳಿಯಿತು.

“ಮ್ಯಾಲಿದ್ದದ್ದು ಹನ್ನೆರಡು” ಎಂದಳು ಹಸೀನಾ. “ಇಪ್ಪತ್ತೈದು ವರ್ಷ ಆತು ನಾ ಪೇಪರ್ ತಿದ್ದಾಕತ್ತು. ಮಕ್ಕಳು ಒಂದರ ಮ್ಯಾಲೊಂದು ಇಟ್ಟದ್ದನ್ನ ಮ್ಯಾಲಿಂದ ತಗದ್ರ ಕಡೀದು ಮೊದ್ಲು ಬರ್ತದ ಅನ್ನೋದು ಮೂರನೇ ಕ್ಲಾಸಿನ ಹುಡುಗರಿಗೂ ಗೊತ್ತದ. ಕೂಲರ್ ಬಂದ್ ಮಾಡಿಸಿದ್ರಿ, ಕಿಟಕಿ ಮುಚ್ಚಿಸಿದ್ರಿ, ನಮ್ಮನ್ನ ಬೇಯಿಸಿದ್ರಿ. ಒಂದ ಒಂದು ಸಲ ಹಚ್ಚಿ ನೋಡ್ಲಿಲ್ಲ.”

ಹೈದರಾಬಾದಿಗೆ ಫೋನು ಮಾಡಿದರೆ ಅಂಥ ಡಿಸ್ಕು ಬರುವುದೇ ನಿಂತಿದೆ ಅಂದರು. ಇದ್ದದ್ದರ ಮೇಲೆಯೇ ಮತ್ತೆ ಕೆತ್ತಿದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಕರಿ ಮುದ್ದೆಯಾಗುತ್ತದೆ. ಮುಕರ್ರಂ ಹಾಸಿಗೆಯ ಮೇಲೆ ಮಲಗಿ ಗೋಡೆಗೆ ಮುಖ ಮಾಡಿದ.

ಹಸೀನಾ ಒಂದು ಚೀಟಿಯ ಮೇಲೆ ಲೆಕ್ಕ ಹಾಕಿದಳು. ಒಂದು ಅಂದರೆ ಹನ್ನೆರಡು, ಎರಡು ಅಂದರೆ ಹನ್ನೊಂದು, ಮೂರು ಅಂದರೆ ಹತ್ತು. ಶಹಜಾದಿಯ ಮದುವೆ ದೇವದುರ್ಗಕ್ಕೆ ಹೋಗಿದೆ. ಅಣ್ಣನ ಹೊಸ ಮನೆ ಮಾನ್ವಿಗೆ ಹೋಗಿದೆ. ಇವರಿಬ್ಬರೂ ಅದಲುಬದಲು ಮಾಡಿಕೊಂಡರೆ ಆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವಳ ಕೈ ಚೀಟಿಯ ಮೇಲೇ ನಿಂತಿತು.

ದೇವದುರ್ಗ, 1999. ಕ್ಯಾಮೆರಾ ಹಿಡಿದಿದ್ದವನು ತನ್ನ ತಮ್ಮ ನಯೀಮ್. ಮನೆಯವನೇ ಎಂದು ಹೆಣ್ಣುಮಕ್ಕಳ್ಯಾರೂ ಸೆರಗು ಎಳೆದುಕೊಂಡಿರಲಿಲ್ಲ. ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಎಲ್ಲರೂ ಕಾಲು ಚಾಚಿ ಕೂತಿದ್ದರು. “ಹಸೀನಾ, ನಿನ್ನ ನಾದಿನಿ ನಕಲಿ ಮಾಡು” ಎಂದು ಯಾರೋ ಅಂದಿದ್ದರು. ಅವಳು ನಾದಿನಿಯ ಹಾಗೆ ನಡೆದು ತೋರಿಸಲು ಎದ್ದು ನಿಂತಿದ್ದಳು.

ಅದನ್ನು ಅವಳು ಗಂಡನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ಮಾನ್ವಿಗೆ ಹೊರಟರು. ಕಲ್ಮಲ ದಾಟುವ ತನಕ ಮುಕರ್ರಂ ಅದೇ ಮಾತು ಹೇಳುತ್ತಿದ್ದ: ತಪ್ಪು ತನ್ನದಲ್ಲ, ಡಬ್ಬಿಯ ನಡುವಿನ ಕಡ್ಡಿಯದ್ದು. ಆ ಕಡ್ಡಿ ಇರದಿದ್ದರೆ ಸಾಲಾಗಿ ಟೇಬಲ್ಲಿನ ಮೇಲೆ ಇಡುತ್ತಿದ್ದೆ.

“ಸುಮ್ನ ಕೂಡ್ರಿ” ಎಂದಳು ಹಸೀನಾ.

“ನಿನಗ್ಯಾಕ ಇಷ್ಟು ಸಿಟ್ಟು? ತಂಗಿ ನನ್ನಾಕಿ, ಬೈದ್ರ ನನಗ ಬೈತಾಳ.”

ಅವಳು ಕಿಟಕಿಯ ಕಡೆ ತಿರುಗಿದಳು. ಬಿಸಿಗಾಳಿ ಮುಖಕ್ಕೆ ಹೊಡೆಯಿತು.

ಶಹಜಾದಿ ಮಾನ್ವಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಪೀಸು, ಸೀರೆಯ ಫಾಲು ಇಟ್ಟುಕೊಂಡು ಮಾರುತ್ತಿದ್ದಳು. ಇವರು ಹೋದಾಗ ಪಕ್ಕದ ಮನೆಯ ಅಮರಮ್ಮ ಫಾಲಿನ ಬಣ್ಣ ಹೊಂದಿಸುತ್ತಾ ಕೂತಿದ್ದಳು. ಹಸೀನಾಳನ್ನು ಕಂಡ ಕೂಡಲೇ ಅವಳ ಮುಖದ ಮೇಲೆ ನಗೆ ಬಂತು.

“ಬರ್ರಿ ಅಕ್ಕಾ. ನಾವೂ ನೋಡೀವ್ರಿ. ಭಾಳ ಚಲೋ ಮಾಡೀರಿ.”

ಹಸೀನಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಶಹಜಾದಿ ನಿಂಬೆ ಶರಬತ್ತು ಕೊಟ್ಟಳು. ಪ್ರಯಾಣ ಹೇಗಾಯಿತು ಎಂದು ಕೇಳಿದಳು. ಗುಲ್ಫಶಾಳ ಪರೀಕ್ಷೆ ಹೇಗಾಯಿತು ಎಂದು ಕೇಳಿದಳು. ಅಮರಮ್ಮ ಹೋದ ಮೇಲೆ ಟೀವಿಯ ಹತ್ತಿರ ಹೋಗಿ ಡಿಸ್ಕು ಹಾಕಿ, ಅದೇ ಜಾಗಕ್ಕೆ ಓಡಿಸಿ, ಅಣ್ಣನ ಪಕ್ಕ ಬಂದು ಕೂತಳು.

ಪರದೆಯ ಮೇಲೆ ಮೂವತ್ತಮೂರರ ಹಸೀನಾ ಬಂದಳು. ತೆಳ್ಳಗಿದ್ದಳು. ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಕತ್ತು ಉದ್ದ ಮಾಡಿ, ಕಾಣದ ಬುಟ್ಟಿಯ ಮೇಲಿನ ಕಾಣದ ಬಟ್ಟೆ ಎತ್ತಿ ರೊಟ್ಟಿ ಎಣಿಸಿದಳು. ಒಂದು, ಎರಡು, ಮೂರು. ಬಟ್ಟೆ ಮುಚ್ಚಿದಳು. ನಾಲ್ಕು ಹೆಜ್ಜೆ ಹೋದಳು. ಅನುಮಾನ ಬಂದು ತಿರುಗಿ ಬಂದು ಈ ಸಲ ಕೆಳಗಿನಿಂದ ಎಣಿಸಿದಳು. ಮೂಗು ಅರಳಿಸಿ ಸುತ್ತ ಇದ್ದವರ ಬಾಯಿ ಒಂದೊಂದಾಗಿ ನೋಡಿದಳು. “ಒಂದು ಕಮ್ಮಿ ಅದ. ಯಾರು ತಿಂದ್ರಿ?” ದನಿ ಶಹಜಾದಿಯದೇ. ಕೋಣೆಯ ತುಂಬ ನಗೆ. ನಯೀಮನ ಕ್ಯಾಮೆರಾ ಅಲ್ಲಾಡಿ ಮೂಲೆಗೆ ಸರಿಯಿತು. ಅಲ್ಲಿ ಮುಕರ್ರಂ, ಶಹಜಾದಿಯರ ತಾಯಿ, ಈಗಿಲ್ಲದ ಸುಗ್ರಾ ಬೇಗಂ ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಮುಕರ್ರಂಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟ. ಇಬ್ಬರು ಹೆಂಗಸರೂ ಅವನ ಕಡೆ ನೋಡಿದರು. ಅವನು ಶರಬತ್ತಿನ ಗ್ಲಾಸು ಹಿಡಿದುಕೊಂಡು ಮುಂದಿನ ಕೋಣೆಗೆ ಹೋದ.

“ತಪ್ಪಾತು ಶಹಜಾದಿ” ಎಂದಳು ಹಸೀನಾ.

“ಆರು ಮಂದೀನ ಕರ್ದಿದ್ದೆ ನಾ. ಬರ್ರಿ, ನನ್ನ ಶಾದಿ ನೋಡ್ರಿ ಅಂತ.”

“ತಪ್ಪಾತು ಅಂದ್ನಲ್ಲವ್ವಾ.”

“ನಕಲಿಗೆ ಸಿಟ್ಟಿಲ್ಲ ಭಾಬಿ. ನಕಲಿ ಎಲ್ಲಾರೂ ಮಾಡ್ತಾರ. ನಿಮ್ಮದು ನಾ ಮಾಡೀನಿ, ಇಲ್ಲೇ, ನಮ್ಮ ಅತ್ತಿ ಮುಂದ.” ಅವಳು ರಿಮೋಟಿನಿಂದ ಚಿತ್ರವನ್ನು ನಿಲ್ಲಿಸಿದಳು. ಪರದೆಯ ಮೇಲೆ ಸುಗ್ರಾ ಬೇಗಂ ಬಾಯಿಗೆ ಸೆರಗು ಒತ್ತಿಕೊಂಡ ಹಾಗೇ ಉಳಿದಳು. “ಅಮ್ಮಿ ನಗಾಕತ್ತಾಳ ನೋಡ್ರಿ. ರೊಟ್ಟಿ ಎಣಸು ಅಂತ ನನಗ ಹಚ್ಚಿದಾಕಿ ಯಾರು? ಅಮ್ಮಿನೇ.”

“ಅಮ್ಮಿನಾ?”

“ಮನಿಯಾಗ ಹನ್ನೊಂದು ಮಂದಿ. ಗಂಡಸ್ರು ಕೂತ್ರಂದ್ರ ಬುಟ್ಟಿ ನೋಡ್ತಿರ್ಲಿಲ್ಲ. ಭಾಬಿ ಸಾಲಿಯಿಂದ ಬಂದು ಕಡೀಗೆ ಉಣ್ತಾಳ, ಆಕಿಗೆ ಮೂರು ಉಳೀಬೇಕು, ನೀ ಎಣಸಿ ಇಡು ಅಂತ ಹೇಳಿದ್ಲು. ನಾ ದಿನಾ ಎಣಸಿದ್ದು ಅದಕ್ಕ. ಎಣಸೋ ಹುಡುಗಿ ಅಂತ ಹೆಸರು ಬಂತು ನನಗ. ಆಮ್ಯಾಲ ಆಕಿನೇ ನಗಾಕ ಕೂತ್ಲು.”

ಐದು ವರ್ಷ ಹಸೀನಾ ಶಾಲೆಯಿಂದ ಬಂದು ತಾಟು ಎತ್ತಿದರೆ ಕೆಳಗೆ ಮೂರು ರೊಟ್ಟಿ ಇರುತ್ತಿದ್ದವು. ಎರಡೂ ಅಲ್ಲ, ನಾಲ್ಕೂ ಅಲ್ಲ. ಈ ಹುಡುಗಿ ತನಗೆ ಅಳತೆ ಮಾಡಿ ಹಾಕುತ್ತಾಳೆ ಎಂದು ಅವಳು ಒಳಗೊಳಗೇ ಉರಿದಿದ್ದಳು. ತವರಿನಲ್ಲಿ ಹೇಳಿಕೊಂಡು ನಕ್ಕಿದ್ದಳು. ಈಗ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟೂ ಬಂತು.

“ಆಗ ಒಂದು ಮಾತು ಹೇಳಿದ್ರ ಏನಾಗ್ತಿತ್ತು ನಿನಗ?”

“ನೀವು ಕೇಳಿದ್ರೇನು?”

ಮುಂದಿನ ಕೋಣೆಯಲ್ಲಿ ಮುಕರ್ರಂ ಫಾಲುಗಳ ಕಪಾಟಿನ ಮುಂದೆ ನಿಂತು, ಬಣ್ಣಗಳ ಹೆಸರು ಬರೆದು ಅಂಟಿಸಿದರೆ ಎಷ್ಟು ಅನುಕೂಲ ಎಂದು ಯಾರೋ ಗಿರಾಕಿಗೆ ಹೇಳುತ್ತಿದ್ದದ್ದು ಕೇಳಿಸಿತು. ಶಹಜಾದಿ ಹಣೆ ಚಚ್ಚಿಕೊಂಡಳು. ಹಸೀನಾಳಿಗೆ ಮೊದಲ ಸಲ ಉಸಿರು ಹಗುರಾಯಿತು.

“ನನ್ನ ಶಾದಿ ಎಲ್ಲದ ಈಗ?” ಎಂದು ಕೇಳಿದಳು ಶಹಜಾದಿ.

“ನಮ್ಮಣ್ಣನ ಹತ್ರ.”

“ಹಂಗಾರ ನಡೀರಿ. ನಾನೂ ಬರ್ತೀನಿ. ಭಾಯ್ ಕೈಯಾಗ ಕೊಟ್ಟು ಕಳಿಸಂಗಿಲ್ಲ.”

ಮೌಲಾಹುಸೇನನಿಗೆ ಫೋನು ಮಾಡಿದರೆ, “ಅದ ಅದ, ಎಲ್ಲಿ ಹೋಗ್ತದ, ಬರ್ರಿ” ಎಂದ. ಅಂಗಡಿಯನ್ನು ಅಮರಮ್ಮನಿಗೆ ಒಪ್ಪಿಸಿ ಮೂವರೂ ಬಸ್ಸು ಹತ್ತಿದರು. ಸಿರವಾರದಲ್ಲಿ ಬಸ್ಸು ಬದಲಿಸಲು ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ನೆರಳಿದ್ದ ಜಾಗದಲ್ಲಿ ಜನ, ಜನವಿಲ್ಲದ ಜಾಗದಲ್ಲಿ ಬಿಸಿಲು. ದೇವದುರ್ಗ ಮುಟ್ಟುವಷ್ಟರಲ್ಲಿ ಮೂರು ಗಂಟೆ.

ಮೌಲಾಹುಸೇನ ಅಂಗಳಕ್ಕೆ ಮಂಚ ಹಾಕಿ ನೀರು ಕೊಟ್ಟ. ನೀರು ಕುಡಿದು ಶಹಜಾದಿ ಡಿಸ್ಕು ಕೇಳಿದಳು. ಅವನು ಹಿತ್ತಲಿನ ಕಡೆ ಕೈ ತೋರಿಸಿದ.

ಹಿತ್ತಲಲ್ಲಿ ಚಿಕ್ಕು ಹಣ್ಣಿನ ಗಿಡ. ಅದರ ಟೊಂಗೆಗಳಿಗೆ ದಾರ ಕಟ್ಟಿ ಐದು ಡಿಸ್ಕು ತೂಗು ಹಾಕಿದ್ದ. ಗಾಳಿ ಬಂದಾಗ ಅವು ತಿರುಗಿ ಫಳಫಳ ಅನ್ನುತ್ತಿದ್ದವು. ಎಲ್ಲಕ್ಕಿಂತ ಕೆಳಗಿನದರ ಮುಖ ಕಂದುಬಣ್ಣದ್ದು.

“ಗಿಳಿ ಭಾಳ ಕಾಟ ಕೊಡ್ತಾವ” ಎಂದ ಮೌಲಾಹುಸೇನ. “ಇವು ಹಾಕಿದ ಮ್ಯಾಲ ಕಮ್ಮಿ ಆಗ್ಯಾವ.”

ಮುಕರ್ರಂ ಗಿಡದ ಬುಡದಲ್ಲಿ ನಿಂತುಬಿಟ್ಟ. ಮುಟ್ಟಿದರೆ ಗೀರು ಬೀಳುತ್ತದೆಂದು ಮಗಳಿಗೂ ಮುಟ್ಟಲು ಬಿಡದ ಡಿಸ್ಕು ಹತ್ತು ದಿನದಿಂದ ಬಿಸಿಲಲ್ಲಿ ನೇತಾಡುತ್ತಿತ್ತು.

“ಅಣ್ಣಾ, ಅದು ಈಕಿ ಶಾದಿದು” ಎಂದಳು ಹಸೀನಾ.

“ಯಾರದೋ ಶಾದಿ ಅಂತ ನನಗೂ ಗೊತ್ತಾತು. ನಮ್ಮ ಮನಿದಲ್ಲ ಅಂದ್ಮ್ಯಾಲ ಏನು ಮಾಡ್ಲಿ? ಗಿಡಕ್ಕ ಹಾಕಿದೆ.”

“ಯಾರದೋ? ಆ ಶಾದಿಗೆ ನೀನೂ ಬಂದಿದ್ದಿ. ನಾನೂ ಅದೀನಿ ಅದರಾಗ. ಮುಖ ನೋಡಿ ಗುರ್ತು ಹತ್ತಲಿಲ್ಲ ನಿನಗ?”

“ಮುಖ ಎಲ್ಲಿ ಬಂದ್ವು? ಹತ್ತು ನಿಮಿಷ ನೋಡಿದೆ, ಬರೇ ಉಣ್ಣೋದೇ ಇತ್ತು. ಪ್ಲೇಟು, ಕೈ, ಪ್ಲೇಟು, ಕೈ.”

“ಒಂದು ಫೋನು ಮಾಡಬೇಕಿತ್ತಿಲ್ಲೋ?”

“ಮಾಡಿದ್ರ ಭಾವ ಬೇಜಾರ ಮಾಡ್ಕೋತಾರ ಅಂತ ಬಿಟ್ಟೆ.” ಅವನು ಅದನ್ನು ಸೌಜನ್ಯವೆಂದೇ ನಂಬಿದ್ದ.

ಹಸೀನಾ ತಲೆಯ ಮೇಲೆ ಕೈಯಿಟ್ಟುಕೊಂಡು ಮಂಚದ ಮೇಲೆ ಕೂತಳು. ಒಂದು ಕಡೆ ಗಂಡ, ಒಂದು ಕಡೆ ಅಣ್ಣ. ಯಾರನ್ನು ಮೊದಲು ಬೈಯಬೇಕೆಂದು ಅವಳಿಗೆ ತೋಚಲಿಲ್ಲ. ಶಹಜಾದಿ ತಾನೇ ಹೋಗಿ ದಾರ ಬಿಚ್ಚಿ ಡಿಸ್ಕು ತಂದಳು. ಹೊಳೆಯುವ ಬದಿಗೆ ಎಲೆ ತಿಕ್ಕಿ ಗೀರುಗಳು ಬಿದ್ದಿದ್ದವು. ಹಕ್ಕಿ ಹಿಕ್ಕೆ ಹಾಕಿತ್ತು. ಮುಖದ ಅಕ್ಷರಗಳು ಬಿಸಿಲಿಗೆ ಮಾಸಿ, ‘ಹೊಸ ಮನೆ’ ಮಾತ್ರ ಸ್ವಲ್ಪ ಕಾಣುತ್ತಿತ್ತು. ಅಳಿಸುವುದಿಲ್ಲ ಎಂದಿದ್ದರಲ್ಲ ಎಂದು ಯಾರೂ ಮುಕರ್ರಂನನ್ನು ಕೇಳಲಿಲ್ಲ. ಅವನ ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ.

ಆದರೆ ಆ ಮಧ್ಯಾಹ್ನ ಉಪಯೋಗಕ್ಕೆ ಬಂದವನೂ ಅವನೇ. ಡಿಸ್ಕನ್ನು ತಂಗಿಯ ಕೈಯಿಂದ ತೆಗೆದುಕೊಂಡ. ನೆರಳಲ್ಲಿ ಇಟ್ಟು ಆರಲು ಬಿಟ್ಟ. ತಣ್ಣೀರಿನಲ್ಲಿ ಒಂದು ಹನಿ ಸಾಬೂನು ಹಾಕಿ, ಮೆತ್ತನೆಯ ಹಳೆ ಬನಿಯನ್ ಕೇಳಿ ಪಡೆದು, ನಡುವಿನಿಂದ ಅಂಚಿನ ಕಡೆಗೆ, ನಡುವಿನಿಂದ ಅಂಚಿನ ಕಡೆಗೆ, ಅವಸರವಿಲ್ಲದೆ ಒರೆಸಿದ. “ದುಂಡಗ ಒರಸಬಾರದು” ಎಂದು ಯಾರಿಗೋ ಹೇಳಿಕೊಂಡ. ಅರ್ಧ ಗಂಟೆ ಯಾರೂ ಅವನನ್ನು ಅವಸರಿಸಲಿಲ್ಲ. ಹಸೀನಾ ಕೂಡ.

ಮೊದಲ ಸಲ ಪ್ಲೇಯರು ಡಿಸ್ಕೇ ಇಲ್ಲ ಅಂದಿತು. ಎರಡನೆಯ ಸಲವೂ ಹಾಗೇ ಅಂದಿತು. ಮತ್ತೆ ಒರೆಸಿದ. ಮೂರನೆಯ ಸಲ ಒಳಗೆ ಗರಗರ ತಿರುಗಿ, ನಿಂತು, ತಿರುಗಿ, ಪರದೆಯ ಮೇಲೆ ರಾಯಚೂರಿನ ಹಳೆಯ ಮನೆಯ ಮುಂದಿನ ಶಾಮಿಯಾನ ಬಂತು.

ಮೌಲಾಹುಸೇನ ಹೇಳಿದ್ದು ಸುಳ್ಳಾಗಿರಲಿಲ್ಲ. ಗಂಡಸರು ಊಟ ಮಾಡುತ್ತಿದ್ದರು. ಒಂದು ಸಾಲು ಎದ್ದು ಇನ್ನೊಂದು ಸಾಲು ಕೂತು ಊಟ ಮಾಡಿತು. ಶಹಜಾದಿ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಕೊನೆಗೆ ಮದುಮಗ ಬಂದ. ಹೂವಿನ ಸೆಹರಾದ ಹಿಂದೆ ಅವನ ಮುಖ ಕಾಣಲಿಲ್ಲ. ಬಲಗೈ ಎಡಗೈಯ ತೋಳು ಸರಿಸುವುದು ಕಂಡಿತು, ಸೆಹರಾ ಸ್ವಲ್ಪ ಬಾಗುವುದು ಕಂಡಿತು. ಮತ್ತೆ ಐದು ನಿಮಿಷಕ್ಕೆ ಹಾಗೇ.

“ವಾಚು ನೋಡಾಕತ್ತಾರ” ಎಂದಳು ಶಹಜಾದಿ. “ಆವತ್ತೂ ವಾಚು ನೋಡಾಕತ್ತಾರ.” ಅವಳು ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಹಸೀನಾ ಅವಳ ಮಂಡಿಯ ಮೇಲೆ ಕೈಯಿಟ್ಟಳು. ಶಹಜಾದಿ ಅದನ್ನು ಸರಿಸಲಿಲ್ಲ.

ಖಾಜಿ ಬಂದು ಕೂತ. ಮದುಮಗನ ಒಪ್ಪಿಗೆ ಕೇಳಲು ರಿಜಿಸ್ಟರು ಬಿಚ್ಚಿದ. ಅಷ್ಟರಲ್ಲಿ ಚಿತ್ರ ಚೂರುಚೂರಾಗಿ, ಟಕಟಕ ಅಂದು, ಒಮ್ಮೆಗೇ ಹಾರಿ ಮದುಮಗಳು ಅಳುತ್ತಾ ಕಾರು ಹತ್ತುವುದು ಬಂತು.

“ಕಬೂಲ್ ಅಂದದ್ದೇ ಹೋತು” ಎಂದ ಮುಕರ್ರಂ ಮೆಲ್ಲಗೆ.

“ಹೋಗ್ಲಿ ಭಾಯ್” ಎಂದಳು ಶಹಜಾದಿ. “ಕಬೂಲ್ ಆಗಿತ್ತು ಅನ್ನೋದು ಎಲ್ಲಾರಿಗೂ ಗೊತ್ತದ.”

ಚಹಾ ಕುಡಿಯುವಾಗ ಮೌಲಾಹುಸೇನ ತನ್ನ ಡಿಸ್ಕು ಕೇಳಿದ. ಇವರದು ಇವರಿಗೆ ಸಿಕ್ಕಿತಲ್ಲ, ತನ್ನ ಮನೆಯದು ತನಗೆ ಬೇಕು. ಡಿಸ್ಕು ಶಹಜಾದಿಯ ಚೀಲದಲ್ಲೇ ಇತ್ತು. ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಅದು ನಾ ಕೊಡಂಗಿಲ್ಲ ಭಾಯಿಜಾನ್.”

“ನಮ್ಮ ಮನಿದು ನಿನಗ್ಯಾಕವ್ವಾ?”

“ಅದರಾಗ ಅಮ್ಮಿ ನಗಾಕತ್ತಾಳ. ನನ್ನ ಶಾದ್ಯಾಗ ಬರೇ ಅತ್ತಾಳ. ನಗೋದು ಇದೊಂದರಾಗೇ ಅದ.”

ಮೌಲಾಹುಸೇನ ತಂಗಿಯ ಕಡೆ ನೋಡಿದ. ಹಸೀನಾ ಕೇಳಬೇಡ ಎನ್ನುವಂತೆ ತಲೆ ಆಡಿಸಿದಳು. ಅವನು ಚಹಾದ ಕಪ್ಪು ಕೆಳಗಿಟ್ಟು, “ಹಂಗಾರ ನನಗೊಂದು ಕಾಪಿ ಮಾಡಿ ಕೊಡ್ರಿ ಭಾವಾ” ಎಂದ.

ಮುಕರ್ರಂನ ಬೆನ್ನು ನೆಟ್ಟಗಾಯಿತು. “ಮುಂಬೈಯಾಗ ಆ ಡಿಸ್ಕು ಇನ್ನೂ ಸಿಗ್ತಾವಂತ. ತರಿಸಿ, ಈ ಸಲ ಒಂದೊಂದೇ...”

“ಬ್ಯಾಡ” ಎಂದರು ಇಬ್ಬರು ಹೆಂಗಸರೂ, ಒಂದೇ ಉಸಿರಿಗೆ.

ಶಹಜಾದಿ ಅವತ್ತು ಮಾನ್ವಿಗೆ ಹೋಗಲಿಲ್ಲ, ಇವರ ಜೊತೆ ರಾಯಚೂರಿಗೆ ಬಂದಳು. ಮರುದಿನ ಗುಲ್ಫಶಾ ಮಹಾವೀರ ಚೌಕದ ಅಂಗಡಿಯಿಂದ ಒಂದು ಸಾದಾ ಡಿಸ್ಕು ತಂದು, ಕೂಲರ್ ಹಚ್ಚಿಕೊಂಡೇ, ಹದಿನೈದು ನಿಮಿಷದಲ್ಲಿ ಕಾಪಿ ಮಾಡಿದಳು. ಮೊದಲು ಹಚ್ಚಿ ನೋಡಿದರು. ಹಸೀನಾ ನಕಲಿ ಮಾಡುವ ಜಾಗ ಬಂದಾಗ ಶಹಜಾದಿ, “ನಾ ಹಂಗ ಮೂಗು ಅರಳಿಸ್ತಿರ್ಲಿಲ್ಲ” ಎಂದಳು. “ಅರಳಿಸ್ತಿದ್ದಿ” ಎಂದಳು ಹಸೀನಾ. ಆಮೇಲೆ ಅವಳೇ ಡಿಸ್ಕು ಹೊರಗೆ ತೆಗೆದು, ತನ್ನ ಶಾಲೆಯ ಬ್ಯಾಗಿನಿಂದ ಮಾರ್ಕರ್ ಪೆನ್ನು ತಂದು, ಅಣ್ಣನ ಹೆಸರು, ಊರು, ಇಸವಿ ಬರೆದಳು. ಎರಡು ನಿಮಿಷದ ಕೆಲಸ.

ಮುಕರ್ರಂ ಹಿಂದೆ ಬಂದು ನಿಂತಿದ್ದ. ಬಹಳ ಹೊತ್ತು ನೋಡಿದ.

“ಅಕ್ಷರ ಸೊಟ್ಟ ಆಗ್ಯಾವ” ಎಂದ.

ಹಸೀನಾ ಪೆನ್ನನ್ನು ಅವನ ಕೈಗಿಟ್ಟು, ಶಹಜಾದಿಯ ಜೊತೆ ಅಂಗಳಕ್ಕೆ ಹೋದಳು.